ಬಾತು ನೋಡಲು ಹೊರಟ ಮಗನಿಗೆ ಕೆರೆಯಂಚಿನ ಕಿವಿಮಾತು

ಚಳಿಗಾಲದ ಬಾತುಗಳನ್ನು ನೋಡಬೇಕೆಂದು ಅಘನಾಶಿನಿ ಕಡೆಗೆ ಹೊರಟಿದ್ದೀಯಂತೆ. ಹೋಗಿ ಬಾ ಮಗ. ಅಳಿವೆಯ ಗೊರವಗಳನ್ನೂ ಕಡಲಕ್ಕಿಗಳನ್ನೂ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ನಾಡಲ್ಲಿ ಕಡಿಮೆ. ಆದರೆ ನೀನು ಕೇಳಿದ್ದು ಬಾತುಗಳನ್ನು. ಅವುಗಳಿಗೆ ಬೇಕಾದ ತೆಳುನೀರು, ಕೆಸರು, ಜೊಂಡು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕೆರೆಗಳಲ್ಲೇ ಇವೆ. ಮೊದಲು ಇಲ್ಲಿ ಕಣ್ಣು ಪಳಗಿಸಿಕೋ.

• ಹಕ್ಕಿಗಿಂತ ಮುಂಚೆ ನೀರಿನ ಮಟ್ಟ ನೋಡು. ಕೋಡಿ ಬಿದ್ದ ಕೆರೆ ನೋಡಲು ಚೆಂದ, ಆದರೆ ನಮ್ಮಲ್ಲಿಗೆ ವಲಸೆ ಬರುವ ಬಾತುಗಳಲ್ಲಿ ಹೆಚ್ಚಿನವು ಮುಳುಗಿ ಮೇಯುವ ಜಾತಿಯವಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕತ್ತು ಎಟಕುವಷ್ಟು ಆಳದಲ್ಲಿ ಮೇಯುತ್ತವೆ. ಅದಕ್ಕೇ ತೂಬಿನ ಹತ್ತಿರದ ಆಳ ಬಿಟ್ಟು ಕೆರೆಯ ಅಂಗಳದ ಕಡೆ ಹೋಗು. ಚನ್ನಪಟ್ಟಣದ ಎಷ್ಟೋ ಕೆರೆಗಳಿಗೆ ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರು ಪಂಪಾಗಿ ಬರುತ್ತದೆ. ಹೋದ ವಾರ ಅಂಚು ಬಿಟ್ಟಿದ್ದ ಕೆರೆ ಈ ವಾರ ತುಂಬಿರಬಹುದು. ಅಲ್ಲಿ ದನ ಮೇಯಿಸುವವರನ್ನು ಕೇಳು, ಅವರಿಗೆ ಗೊತ್ತಿರುತ್ತದೆ.

• 1946ರಲ್ಲಿ ಕಟ್ಟಿದ ಕಣ್ವ ಜಲಾಶಯಕ್ಕೆ ಹೋದರೂ ಇದೇ ಲೆಕ್ಕ. ಎಲ್ಲರೂ ಕಟ್ಟೆಯ ಮೇಲೆ ನಿಂತು ಫೋಟೋ ತೆಗೆದುಕೊಂಡು ವಾಪಸಾಗುತ್ತಾರೆ. ನೀನು ಹಿನ್ನೀರಿನ ತುದಿಗೆ ಹೋಗು. ಮಂಚನಬೆಲೆ ಜಲಾಶಯದಲ್ಲಿ ಮಾತ್ರ ನೀರಿಗೆ ಇಳಿಯಬೇಡ. ಅಲ್ಲಿ ಜೀವಗಳು ಹೋಗಿವೆ.

• ಸೆಪ್ಟೆಂಬರ್ ಕೊನೆಗೇ ಬಿಳಿ ಹುಬ್ಬಿನ ಬಾತು ಬರಲು ಶುರುವಾಗುತ್ತದೆ, ಆದರೆ ಆಗ ಗಂಡಿಗೂ ಹೆಣ್ಣಿನಂಥದ್ದೇ ಮಾಸಲು ಗರಿ, ಗುರುತು ಹಚ್ಚುವುದು ಕಷ್ಟ. ಹೊಸಬರಿಗೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ತನಕ ಸರಿಯಾದ ಕಾಲ. ಅಷ್ಟರಲ್ಲಿ ಹೆಚ್ಚಿನ ಗಂಡುಬಾತುಗಳಿಗೆ ಗರಿ ಬದಲಾಗಿ ಬಣ್ಣ ಬಂದಿರುತ್ತದೆ.

• ಬೆಳಗ್ಗೆ ಮೂಡಣ ದಡದಲ್ಲಿರು. ಬಿಸಿಲು ಬೆನ್ನಿಗಿರಬೇಕು. ಎದುರು ಬಿಸಿಲಾದರೆ ಎಲ್ಲ ಬಾತೂ ಕರಿಬಾತೇ. ಏರಿಯ ಮೇಲೆ ನೆಟ್ಟಗೆ ನಿಂತರೆ ಆಕಾಶಕ್ಕೆ ಎದುರಾಗಿ ದೂರದಿಂದಲೇ ಕಾಣುತ್ತೀಯ. ಇಳಿದು, ಒಂದು ಜಾಲಿ ಮರದ ಬುಡದಲ್ಲಿ ಕೂತುಬಿಡು. ಎದ್ದುಹೋದ ಹಿಂಡು ಎಷ್ಟೋ ಸಲ ಅಲ್ಲಿಗೇ ಮರಳಿ ಇಳಿಯುತ್ತದೆ, ನೀನು ಅಲುಗಾಡದಿದ್ದರೆ.

• ನಾಮದಕೋಳಿ ಬಾತಲ್ಲ. ಕಪ್ಪು ಮೈ, ಹಣೆಗೆ ಬಿಳಿ ನಾಮ. ಗಾಬರಿಯಾದರೆ ನೀರಿನ ಮೇಲೆ ಪಟಪಟನೆ ಓಡಿಯೇ ಮೇಲೇಳುತ್ತದೆ. ಗುಳುಮುಳುಕನೂ ಬಾತಲ್ಲ. ಈ ಎರಡನ್ನು ಮೊದಲು ಬೇರೆ ಮಾಡಿಟ್ಟರೆ ಅರ್ಧ ಕೆಲಸ ಮುಗಿಯಿತು. ವರಟೆ ಬಾತು ಇಲ್ಲಿಯದೇ, ಕೊಕ್ಕಿನ ತುದಿ ಹಳದಿ. ಕತ್ತಿನ ಪಕ್ಕದಲ್ಲಿ ಬಿಳಿ ಗೀರು, ಚೂಪು ಬಾಲ ಕಂಡರೆ ಸೂಜಿಬಾಲದ ಬಾತು.

• ಶವೆಲರ್ ಬಾತು ಸಿಕ್ಕರೆ ಹೆಸರು ಬರೆದುಕೊಂಡು ಮುಂದಕ್ಕೆ ಹೋಗಬೇಡ. ಗಂಡಿನ ತಲೆ ಕಡುಹಸಿರು, ಪಕ್ಕೆ ಇಟ್ಟಿಗೆಗೆಂಪು, ಕೊಕ್ಕು ತುದಿಯಲ್ಲಿ ಸೌಟಿನಂತೆ ಅಗಲ. ಆ ಕೊಕ್ಕನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು, ತಲೆಯನ್ನು ಎಡಬಲ ಆಡಿಸುತ್ತಾ ಈಜುತ್ತದೆ. ಕೊಕ್ಕಿನ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಸಾಲಿದೆ. ನೀರು ಹೊರಗೆ ಹರಿಯುತ್ತದೆ, ಹುಳಹುಪ್ಪಟೆ ಒಳಗೆ ಉಳಿಯುತ್ತದೆ. ಕೆಲವೊಮ್ಮೆ ಹತ್ತಾರು ಸೇರಿ ಒಂದರ ಹಿಂದೆ ಒಂದು ಗುಂಡಗೆ ಸುತ್ತುತ್ತವೆ. ಮುಂದಿನದು ಕಲಕಿದ್ದನ್ನು ಹಿಂದಿನದು ಸೋಸುತ್ತದೆ. ಅರ್ಧ ಗಂಟೆ ಅದನ್ನೇ ನೋಡು, ಸಮಯ ದಂಡವಾಗುವುದಿಲ್ಲ.

• ಇಡೀ ಕೆರೆ ಒಮ್ಮೆಲೇ ಎದ್ದರೆ ಬಾತುಗಳನ್ನು ಬಿಟ್ಟು ಅವುಗಳ ಹಿಂದೆ, ಜೊಂಡಿನ ಮೇಲೆ ನೋಡು. ರೆಕ್ಕೆಯನ್ನು ತುಸು ಮೇಲಕ್ಕೆತ್ತಿ ತಗ್ಗಿನಲ್ಲಿ ತೇಲುವ ಜೌಗು ಸೆಳೆವ ಬಂದಿರುತ್ತದೆ. ಅದೂ ಚಳಿಗಾಲದ ಅತಿಥಿಯೇ.

• ಕನಕಪುರ, ಚನ್ನಪಟ್ಟಣದ ಕಾಡಂಚಿನ ಕೆರೆಗಳಿಗೆ ನಸುಕಲ್ಲಿ ಒಬ್ಬನೇ ಹೋಗಬೇಡ. ಕಾವೇರಿ ವನ್ಯಧಾಮದ ಕಡೆಯಿಂದ, ತೆಂಗಿನಕಲ್ಲು ಕಾಡಿನಿಂದ ಆನೆಗಳು ಬರುತ್ತವೆ, ಕೆರೆಯಲ್ಲೇ ನಿಂತಿರುವುದೂ ಉಂಟು. ಹಿಂದಿನ ರಾತ್ರಿ ಊರಿನವರಿಗೆ ಫೋನು ಮಾಡು. "ಆನೆ ಅವೆ" ಅಂದರೆ ಆ ದಿನ ಬೇರೆ ಕೆರೆ. ವಾದ ಬೇಡ.

• ಬೈರಮಂಗಲ ಕೆರೆಗೆ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತಾಳೆ. ಕೊಳಕು ನೀರಲ್ಲೂ ಮೆಟ್ಟುಗಾಲು ಹಕ್ಕಿಯಂಥವು ಧಾರಾಳವಾಗಿ ಮೇಯುತ್ತವೆ. ಹಕ್ಕಿ ಇದೆಯಲ್ಲ, ನೀರು ಚೆನ್ನಾಗಿರಬೇಕು ಎಂದು ಯಾರಾದರೂ ಅಂದರೆ ಒಪ್ಪಬೇಡ. ಆ ನೀರಲ್ಲೇ ಬೆಳೆ ಬೆಳೆಯುವ ರೈತರ ಪಾಡು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

• ಪಟ್ಟೆತಲೆ ಹೆಬ್ಬಾತಿಗೆ ಹೆಸರಾದ ಮಾಗಡಿ ಕೆರೆ ನಮ್ಮ ಮಾಗಡಿಯದಲ್ಲ, ಗದಗ ಜಿಲ್ಲೆಯದು. 2024ರಲ್ಲಿ ಅಘನಾಶಿನಿಯ ಜೊತೆಗೇ ಅದು ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಬರುವ ಆ ಹಕ್ಕಿಗಾಗಿ ಸಾವನದುರ್ಗದ ಸುತ್ತ ಅಲೆಯಬೇಡ.

• ಮಧ್ಯಾಹ್ನ ಬಾತುಗಳು ತೂಕಡಿಸುವ ಹೊತ್ತಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿದರು. ಮರಗಳು ಜನರ ಹಿತ್ತಲಲ್ಲಿವೆ, ಕೇಳದೆ ಒಳಗೆ ನುಗ್ಗಬೇಡ.

• ರಾಮದೇವರ ಬೆಟ್ಟಕ್ಕೆ ಹೋದರೆ ದನಿ ತಗ್ಗಿಸು, ಡ್ರೋನ್ ಬೇಡವೇ ಬೇಡ. 2012ರಲ್ಲಿ ರಣಹದ್ದು ಧಾಮವಾದ ಜಾಗ ಅದು. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಗೋಡೆಯಲ್ಲಿ ಮರಿ ಮಾಡುವುದು ಇದೇ ಚಳಿಗಾಲದಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆ.

• 8x42 ದುರ್ಬೀನು ಸಾಕು, ಅದಕ್ಕಿಂತ ದೊಡ್ಡದು ಕೈ ನಡುಗಿಸುತ್ತದೆ. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಜೊತೆಗಿರಲಿ. ಮಣ್ಣು ಬಣ್ಣದ ಅಂಗಿ, ಒಂದು ಟೋಪಿ.

• ದಿನಾಂಕ, ಹೊತ್ತು, ನೀರಿನ ಮಟ್ಟ, ಹಕ್ಕಿಗಳ ಎಣಿಕೆ ಬರೆ. ಏನೂ ಕಾಣದ ದಿನ ಸೊನ್ನೆ ಎಂದೇ ಬರೆ. ಹಕ್ಕಿ ಹಿಡಿಯುವ ಬಲೆಯ ನೂಲು ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸು. 1987ರಿಂದ ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತಿದೆ, ನಿನ್ನ ಕೆರೆಯ ಲೆಕ್ಕವೂ ಅದಕ್ಕೆ ಸೇರಲಿ. ಈ ಜನವರಿಗೆ ಒಂದೇ ಒಂದು ಕೆರೆ ಆರಿಸಿಕೊಂಡು ಈಗಿನಿಂದಲೇ ಹೋಗಲು ಶುರುಮಾಡು.