ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಯಾವ ವೈದ್ಯರ ಕೈಗೆ?

ಕಳೆದ ತಿಂಗಳು ಪ್ರಥಮ ಪಿಯುಸಿ ತರಗತಿಯಲ್ಲಿ ಹಾರ್ಮೋನುಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮೇಡಂ, ಹೊಟ್ಟೆ ಕತ್ತರಿಸಿ ಸಣ್ಣ ಮಾಡ್ತಾರಂತೆ, ಹೌದಾ? ನಮ್ಮ ಅಬ್ಬಾಗೆ ಮಾಡಿಸೋಣ ಅಂತ ಮನೇಲಿ ಮಾತಾಡ್ತಿದ್ದಾರೆ. ಯಾವ ಡಾಕ್ಟರ್ ಹತ್ರ ಹೋಗ್ಬೇಕು?" ಎಂದು ಕೇಳಿದಳು. ಕೆಲವರು ನಕ್ಕರು. ಅವಳು ನಗಲಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ವರ್ಷಗಳ ಹಿಂದೆ ನಾನೇ ನನ್ನ ಖಾಲಾ ಜೊತೆ ಆಸ್ಪತ್ರೆಗಳಿಗೆ ಅಲೆದಿದ್ದೇನೆ.

ಖಾಲಾಗೆ ಆಗ 47 ವರ್ಷ. ತೂಕ 112 ಕಿಲೋ, ಎತ್ತರ 156 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ ಸಿಗುತ್ತದೆ. 1.56ರ ವರ್ಗ 2.43, 112ನ್ನು ಅದರಿಂದ ಭಾಗಿಸಿದರೆ 46. ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಮಿತಿ ಬಿಎಂಐ 40, ಜೊತೆ ಕಾಯಿಲೆ ಇದ್ದರೆ 35. 2022ರಲ್ಲಿ ಶಸ್ತ್ರವೈದ್ಯರ ಅಂತಾರಾಷ್ಟ್ರೀಯ ಸಂಘಗಳು ಇದನ್ನು ಇನ್ನೂ ಇಳಿಸಿವೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಅವರಿಗೆ ಮಿತಿ ಮತ್ತೂ ಕಡಿಮೆ. ಯಾವ ಲೆಕ್ಕ ಹಿಡಿದರೂ ಖಾಲಾ ಅದರೊಳಗೆ ಬರುತ್ತಿದ್ದರು. ಮದುವೆಗೆ ಮುಂಚೆ ಐದಾರು ಕಿಲೋ ಇಳಿಸಬೇಕೆನ್ನುವವರಿಗೆ ಇದು ಅಲ್ಲವೇ ಅಲ್ಲ. ಹಾಗಿದ್ದವರನ್ನೂ ಟೇಬಲ್ಲಿನ ಮೇಲೆ ಮಲಗಿಸಲು ಒಪ್ಪುವ ವೈದ್ಯರಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಖಾಲಾಗೆ ಇನ್ನೊಂದು ಅಳುಕಿತ್ತು. "ಅಲ್ಲಾಹ್ ಕೊಟ್ಟ ಹೊಟ್ಟೆ ಬೇಟಿ, ಕತ್ತರಿಸಿಕೊಳ್ಳಬಹುದಾ?" ಎಂದು ಕೇಳುತ್ತಿದ್ದರು. ಖಾಲೂ ಹೋಗಿ ಮೊಹಲ್ಲಾದ ಮೌಲಾನಾರನ್ನು ವಿಚಾರಿಸಿದರು. ಅಂದಕ್ಕಾಗಿ ಆದರೆ ಬೇಡ, ಕಾಯಿಲೆಯ ಚಿಕಿತ್ಸೆಗಾಗಿ ಆದರೆ ಆಗಬಹುದು, ಆದರೆ ಹೇಳುವ ವೈದ್ಯರು ನುರಿತವರೂ ನಂಬಿಕಸ್ಥರೂ ಆಗಿರಬೇಕು ಎಂದರು. ಆ ಕೊನೆಯ ಷರತ್ತನ್ನು ಖಾಲೂ ಮನೆಗೆ ಬಂದು ಅರ್ಧ ಮರೆತಿದ್ದರು. ನನಗೆ ಅದೇ ಮುಖ್ಯವಾಗಿ ಕಂಡಿತು. ನುರಿತವರು, ನಂಬಿಕಸ್ಥರು ಎಂದು ತಿಳಿಯುವುದು ಹೇಗೆ?

ಇದು ಹಳೆಯ ಪ್ರಶ್ನೆ. ಬಗ್ದಾದಿನಲ್ಲಿ ಕ್ರಿ.ಶ. 931ರಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್ ಕಿವಿಗೆ ಬಿತ್ತಂತೆ. ಇನ್ನು ಮುಂದೆ ಸಿನಾನ್ ಇಬ್ನ್ ಸಾಬಿತ್ ಪರೀಕ್ಷೆ ಮಾಡಿ ಒಪ್ಪಿದವರು ಮಾತ್ರ ವೈದ್ಯ ಮಾಡಬೇಕು ಎಂದು ಅವರು ಆಜ್ಞೆ ಹೊರಡಿಸಿದರು. ಪರೀಕ್ಷೆಗೆ ಬಂದವರು ಎಂಟು ನೂರಕ್ಕೂ ಹೆಚ್ಚು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಈಗ ಸಿನಾನ್ ಕೆಲಸವನ್ನು ಪರಿಷತ್ತುಗಳು ಮಾಡುತ್ತವೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರ ನೋಂದಣಿ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಎಂಬಿಬಿಎಸ್ ನಂತರ ಜನರಲ್ ಸರ್ಜರಿಯಲ್ಲಿ ಎಂಎಸ್ ಅಥವಾ ಡಿಎನ್‌ಬಿ ಕಡ್ಡಾಯವಾಗಿ ಇರಬೇಕು. ಅದರ ಮೇಲೆ ಈ ಶಸ್ತ್ರಚಿಕಿತ್ಸೆಯಲ್ಲೇ ತರಬೇತಿ ಬೇಕು. ಹೆಸರಿನ ಮುಂದಿನ 'ಫೆಲೋಷಿಪ್' ಎಂಬ ಪದ ಮಾತ್ರ ನೋಡಿ ಮರುಳಾಗಬೇಡಿ. ಅದು ಎರಡು ವರ್ಷ ಹಿರಿಯರ ಪಕ್ಕ ನಿಂತು ಕಲಿತದ್ದೂ ಇರಬಹುದು, ಕೆಲವೇ ದಿನಗಳ ಕೋರ್ಸೂ ಇರಬಹುದು. ಎಷ್ಟು ಕಾಲ, ಯಾರ ಕೈಕೆಳಗೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಪದವಿ ಒಂದೇ ಆದರೂ ಕೈ ಒಂದೇ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದೇ ತೋರಿಸಿತು. ಬೈಪಾಸ್ ಮಾಡುವ 20 ಶಸ್ತ್ರವೈದ್ಯರು ತಾವು ಮಾಡಿದ ಒಂದೊಂದು ಶಸ್ತ್ರಚಿಕಿತ್ಸೆಯ ವಿಡಿಯೋ ಕಳಿಸಿದರು. ಯಾವ ವಿಡಿಯೋ ಎಂದು ಆರಿಸಿದವರು ಅವರೇ. ಅದು ಯಾರ ಕೈ ಎಂದು ಗೊತ್ತಿಲ್ಲದ ಬೇರೆ ಶಸ್ತ್ರವೈದ್ಯರು ನೋಡಿ ಅಂಕ ಕೊಟ್ಟರು. ಆಮೇಲೆ ಆ 20 ಮಂದಿಯ ರೋಗಿಗಳ ದಾಖಲೆ ತೆಗೆದು ನೋಡಿದರೆ, ಕಡಿಮೆ ಅಂಕ ಪಡೆದ ಕಾಲು ಭಾಗದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಡಕು, ಹೆಚ್ಚು ಅಂಕ ಪಡೆದ ಕಾಲು ಭಾಗದವರ ರೋಗಿಗಳಲ್ಲಿ 5.2 ಮಂದಿಗೆ. ಸಾವು ಒಂದು ಕಡೆ ನೂರಕ್ಕೆ 0.26, ಇನ್ನೊಂದು ಕಡೆ 0.05. ಎಲ್ಲರೂ ಅರ್ಹ ವೈದ್ಯರೇ. ಹೆಚ್ಚು ಅಂಕ ಪಡೆದವರು ವರ್ಷಕ್ಕೆ ಹೆಚ್ಚು ಶಸ್ತ್ರಚಿಕಿತ್ಸೆ ಮಾಡುವವರೂ ಆಗಿದ್ದರು. ಆದ್ದರಿಂದಲೇ "ಇದೇ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಎಂದು ಕೇಳಬೇಕು. ಒಟ್ಟು ಎಷ್ಟು ವರ್ಷ ಅನುಭವ ಎಂಬುದಕ್ಕಿಂತ ಅದು ಉಪಯುಕ್ತ.

ನಾವು ಮೊದಲು ಹೋದ ಆಸ್ಪತ್ರೆಯ ಜಾಹೀರಾತು ಬಸ್ಸಿನ ಹಿಂಬದಿಯಲ್ಲಿತ್ತು. ಒಳಗೆ ಹೋದರೆ ವೈದ್ಯರು ಏಳೆಂಟು ನಿಮಿಷ ಮಾತಾಡಿದರು. ಸ್ಲೀವ್ ಮಾಡಿಬಿಡೋಣ, ಎಲ್ಲರಿಗೂ ಅದನ್ನೇ ಮಾಡುತ್ತೇನೆ, ಇಲ್ಲಿಯವರೆಗೆ ಏನೂ ತೊಂದರೆಯಾಗಿಲ್ಲ ಎಂದರು. ಹೊರಗೆ ಬಂದರೆ ಕೌಂಟರಿನ ಹುಡುಗಿ ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ಪ್ಯಾಕೇಜಿನಲ್ಲಿ ರಿಯಾಯಿತಿ ಎಂದಳು. ಖಾಲೂ ಜೇಬಿಗೆ ಕೈ ಹಾಕಿದ್ದರು. ಖಾಲಾ ಅವರ ತೋಳು ಹಿಡಿದು, "ಸೀರೆ ಅಂಗಡಿನಾ ಇದು?" ಎಂದು ಎಳೆದುಕೊಂಡು ಹೊರಟರು.

ಸ್ಲೀವ್ ಎಂದರೆ ಜಠರವನ್ನು ಉದ್ದಕ್ಕೆ ಸ್ಟೇಪ್ಲರಿನಿಂದ ಕತ್ತರಿಸಿ ಸುಮಾರು ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹೊರತೆಗೆಯುವುದು. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಆ ಭಾಗವೇ ಹೋಗುವುದರಿಂದ ಹಸಿವೂ ಇಳಿಯುತ್ತದೆ. ಬೈಪಾಸಿನಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ಎದೆಯುರಿ ಜೋರಾಗಿ ಇರುವವರಿಗೆ ಸ್ಲೀವ್ ಅದನ್ನು ಹೆಚ್ಚಿಸಬಹುದು. ಬೈಪಾಸ್ ಸಾಮಾನ್ಯವಾಗಿ ಕಡಿಮೆ ಮಾಡುತ್ತದೆ. ಖಾಲಾ ಎಷ್ಟೋ ವರ್ಷಗಳಿಂದ ರಾತ್ರಿ ಮೂರು ದಿಂಬು ಇಟ್ಟುಕೊಂಡು ಮಲಗುವವರು. ಮೊದಲ ಆಸ್ಪತ್ರೆಯಲ್ಲಿ ಅದನ್ನು ಯಾರೂ ಕೇಳಲೇ ಇಲ್ಲ.

ಬೆಂಗಳೂರಿನಲ್ಲಿ ಕಂಡ ಎರಡನೆಯ ವೈದ್ಯರು ಮೊದಲು ಕೇಳಿದ್ದೇ ಅದನ್ನು. ಎಂಡೋಸ್ಕೋಪಿ ಆಗಲಿ, ನಿದ್ದೆಯ ಪರೀಕ್ಷೆ ಆಗಲಿ, ಆಹಾರತಜ್ಞೆಯನ್ನೂ ಮನೋವೈದ್ಯರನ್ನೂ ಕಾಣಿರಿ, ಆಮೇಲೆ ಯಾವುದು ಎಂದು ಹೇಳುತ್ತೇನೆ ಎಂದರು. ನಾನು ಕಾಗದದಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಖಾಲಾ, "ಡಾಕ್ಟ್ರೇ, ನಿಮ್ಮ ಕೈಯಲ್ಲಿ ಯಾರಾದ್ರೂ ತೀರಿಕೊಂಡಿದ್ದಾರಾ?" ಎಂದುಬಿಟ್ಟರು. ನನಗೆ ನಾಚಿಕೆಯಾಯಿತು.

ಅವರು ಪೆನ್ನು ಕೆಳಗಿಟ್ಟರು. "ಒಬ್ಬರು ಹೋಗಿದ್ದಾರೆ ಅಮ್ಮ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತು. ಸೋರಿಕೆ ಕೆಲವರಿಗೆ ಆಗಿದೆ, ಅವರನ್ನು ಉಳಿಸಿಕೊಂಡಿದ್ದೇವೆ. ನಿಮಗೂ ಆಗಬಹುದು. ಆದರೆ ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ನಮ್ಮ ತಂಡದವರು ಒಬ್ಬರು ಎತ್ತುತ್ತಾರೆ," ಎಂದರು.

ಮೆಟ್ಟಿಲಿಳಿಯುವಾಗ ಖಾಲಾ, "ಇವರ ಹತ್ರಾನೇ," ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಯೋಚಿಸಿದೆ. ಅಮೆರಿಕದ ಹತ್ತು ಆಸ್ಪತ್ರೆಗಳ 4,776 ರೋಗಿಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೊದಲ 30 ದಿನಗಳ ಸಾವು ನೂರಕ್ಕೆ 0.3. ಕಡಿಮೆಯೇ, ಸೊನ್ನೆಯಲ್ಲ. ನೂರಾರು ಮಂದಿಗೆ ಮಾಡಿದವರು "ಏನೂ ಆಗಿಲ್ಲ" ಎಂದರೆ ಒಂದೋ ಅವರು ಲೆಕ್ಕ ಇಟ್ಟಿಲ್ಲ, ಇಲ್ಲವೇ ನಮಗೆ ಹೇಳುತ್ತಿಲ್ಲ.

ಉಳಿದ ನನ್ನ ಪ್ರಶ್ನೆಗಳಲ್ಲಿ ಕೆಲವು ಬೇಗ ಮುಗಿದವು. ಐಸಿಯು ಇದೆಯೇ? ಇದೆ. ಥಿಯೇಟರಿನಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆಯೇ? ಇರುತ್ತಾರೆ, ಬೇಡದ ಭಾಗ ಮುಚ್ಚಿಯೇ ಇರುತ್ತದೆ. ವಿಮೆ? ಬಿಎಂಐ 40 ದಾಟಿದ್ದರಿಂದ ಪಾಲಿಸಿಯ ನಿಯಮಕ್ಕೆ ಹೊಂದುತ್ತದೆ, ಆದರೆ ಮುಂಚಿತವಾಗಿ ಒಪ್ಪಿಗೆ ಪಡೆಯಿರಿ. ರಮಝಾನ್? ಮೊದಲ ವರ್ಷ ಉಪವಾಸ ಬೇಡವೆಂದರು. ಪುಟ್ಟ ಚೀಲಕ್ಕೆ ಒಂದೇ ಸಲಕ್ಕೆ ಹೆಚ್ಚು ನೀರು ಹಿಡಿಸುವುದಿಲ್ಲ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಸೆಹ್ರಿಯಲ್ಲಿ ಕುಡಿದು ಸಂಜೆಯವರೆಗೆ ತಡೆಯಲಾಗದು. ಖಾಲಾ, ಕಾಯಿಲೆಯವರಿಗೆ ವಿನಾಯಿತಿ ಇದೆ, ಕಝಾ ಆಮೇಲೆ ಪೂರೈಸುತ್ತೇನೆ ಎಂದರು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ: ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂದು ಮೊದಲೇ ಹೇಳದ ವೈದ್ಯರು ಅರ್ಧ ಮಾತು ನುಂಗಿದ ಹಾಗೆ.

ಎಂಡೋಸ್ಕೋಪಿ ನೋಡಿ ಬೈಪಾಸ್ ಎಂದು ತೀರ್ಮಾನಿಸಿದರು. ಮೂರನೆಯ ದಿನ ಡಿಸ್ಚಾರ್ಜ್ ಆಯಿತು. ದಾವಣಗೆರೆಗೆ ಹೋಗಬೇಡಿ, ಹತ್ತು ದಿನ ಊರಲ್ಲೇ ಇರಿ ಎಂದಿದ್ದರಿಂದ ಮಾಮು ಮನೆಯಲ್ಲಿ ಉಳಿದೆವು. ಎರಡನೆಯ ರಾತ್ರಿ ಖಾಲಾ ಏನೋ ಚಡಪಡಿಕೆ ಎಂದರು. ಜ್ವರವಿಲ್ಲ, ಹೊಟ್ಟೆನೋವೂ ಅಷ್ಟಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಹಾಕಿದರೆ ನಾಡಿ 124. ಕೊಟ್ಟ ಕಾಗದದಲ್ಲಿ ಮೊದಲ ಸಾಲೇ ಅದಾಗಿತ್ತು: ನಾಡಿ 120 ದಾಟಿದರೆ ಕಾಯಬೇಡಿ. ರಾತ್ರಿ 11.40ಕ್ಕೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ಸ್ಕ್ಯಾನಿನಲ್ಲಿ ಜೋಡಣೆಯ ಜಾಗದಿಂದ ಸಣ್ಣ ಸೋರಿಕೆ ಕಂಡಿತು. ಫಜ್ರ್ ಹೊತ್ತಿಗೆ ಮತ್ತೆ ಥಿಯೇಟರಿಗೆ ಒಯ್ದು ತೊಳೆದು ಡ್ರೈನ್ ಹಾಕಿದರು. ಹತ್ತೊಂಬತ್ತು ದಿನ ಆಸ್ಪತ್ರೆ. ಬಾಯಿಗೆ ಏನೂ ಇಲ್ಲ, ಕೊಳವೆಯಲ್ಲೇ ಆಹಾರ. ಒಳ್ಳೆಯ ವೈದ್ಯರನ್ನು ಆರಿಸಿಯೂ ಹೀಗಾಯಿತಲ್ಲ ಎಂದು ಖಾಲೂ ಕಾರಿಡಾರಿನಲ್ಲಿ ಅತ್ತರು. ನನಗೆ ಮಾತ್ರ ಆ ಬಸ್ಸಿನ ಜಾಹೀರಾತಿನ ನಂಬರಿಗೆ ರಾತ್ರಿ 11.40ಕ್ಕೆ ಫೋನ್ ಮಾಡಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಿಡಲಿಲ್ಲ.

ಮಿಷಿಗನ್ನಿನ ವಿಡಿಯೋ ಅಧ್ಯಯನಕ್ಕೆ ಇನ್ನೊಂದು ಕೊನೆ ಇದೆ. 2016ರಲ್ಲಿ ಅದೇ ವೈದ್ಯರ ರೋಗಿಗಳ ಒಂದು ವರ್ಷದ ನಂತರದ ಸ್ಥಿತಿ ನೋಡಿದರು. ತೂಕ ಎಷ್ಟು ಇಳಿಯಿತು ಎಂಬುದರಲ್ಲಿ ಕೈಚಳಕದ ಅಂಕಕ್ಕೂ ಫಲಕ್ಕೂ ಸಂಬಂಧ ಕಾಣಲಿಲ್ಲ. ಕೈ ಮೊದಲ ತಿಂಗಳನ್ನು ಕಾಯುತ್ತದೆ. ಆಮೇಲಿನದ್ದು ಊಟ, ನಡಿಗೆ, ಮಾತ್ರೆ, ತಪಾಸಣೆ. ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಡ್ಯೂಯೊಡಿನಂನಲ್ಲಿ, ಬೈಪಾಸ್ ಆದವರ ಊಟ ಆ ದಾರಿಯನ್ನೇ ತಪ್ಪಿಸುತ್ತದೆ. ವಿಟಮಿನ್ ಬಿ12 ಹೀರಲು ಜಠರ ಸ್ರವಿಸುವ ಒಂದು ಅಂಶ ಬೇಕು, ಅದೂ ಊಟಕ್ಕೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೆ ಬೇಕು. ಶಸ್ತ್ರಚಿಕಿತ್ಸೆಯ ಬಿಲ್ ಕಟ್ಟಿದ ಮೇಲೆ ಐದನೆಯ ವರ್ಷಕ್ಕೂ ನಿಮ್ಮ ರಕ್ತಪರೀಕ್ಷೆ ನೋಡುವವರು ಯಾರು ಎಂಬುದನ್ನು ವೈದ್ಯರನ್ನು ಆರಿಸುವ ದಿನವೇ ಕೇಳಬೇಕು.

ಈಗ ಖಾಲಾ 79 ಕಿಲೋ. ಇನ್ಸುಲಿನ್ ಬಿಟ್ಟಿದ್ದಾರೆ, ಒಂದೇ ದಿಂಬಿನಲ್ಲಿ ಮಲಗುತ್ತಾರೆ. ಹೋದ ವಾರ ನಾನು ಅಲ್ಲಿದ್ದಾಗ ಆಹಾರತಜ್ಞೆ ಬೆಂಗಳೂರಿನಿಂದ ಫೋನ್ ಮಾಡಿ, ರಿಪೋರ್ಟಿನಲ್ಲಿ ಕಬ್ಬಿಣಾಂಶ ಇಳಿದಿದೆ, ಮಾತ್ರೆ ಬಿಟ್ಟಿದ್ದೀರಾ ಎಂದು ಕೇಳಿದರು. ಖಾಲಾ ಏನೂ ಹೇಳದೆ ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು.