ರೂಪ ಎರಡು, ಬೆಲೆ ಒಂದೇ

ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ವರ್ಗವನ್ನು ಕಾಣುವ ಸೊಗಸಾದ ಸೂತ್ರವೊಂದು ಅದರಲ್ಲಿದೆ: ಸಂಖ್ಯೆಯಿಂದ ಇಷ್ಟಬಂದುದನ್ನು ಕಳೆದು, ಸಂಖ್ಯೆಗೆ ಅದನ್ನೇ ಕೂಡಿಸಿ, ಬಂದ ಎರಡನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸಬೇಕು. 98ರ ವರ್ಗಕ್ಕಾಗಿ 2ನ್ನು ಆರಿಸಿದರೆ, 96 ಮತ್ತು 100ರ ಗುಣಲಬ್ಧ 9600. 4 ಸೇರಿದರೆ 9604.

ಈ ಸೂತ್ರವನ್ನು ಅಕ್ಷರಗಳಲ್ಲಿ ಬರೆದು, ಇಷ್ಟಸಂಖ್ಯೆಯ ವರ್ಗವನ್ನು ಎಡಕ್ಕೆ ತಂದರೆ,

ಅ² – ಬ² = (ಅ – ಬ)(ಅ + ಬ)

ಎಂದಾಗುತ್ತದೆ. ವ್ಯತ್ಯಾಸವಾಗಿದ್ದುದು ಗುಣಲಬ್ಧವಾಯಿತು, ಬೆಲೆ ಬದಲಾಗಲಿಲ್ಲ. ಹೀಗೆ ಗುಣಿಸಿಕೊಂಡಿರುವ ಭಾಗಗಳೇ ಅಪವರ್ತನಗಳು.

ಅ² – ಬ² ಎಂಬುದನ್ನು ಅ – ಬ ಎಂಬುದರಿಂದ ಭಾಗಿಸುವಾಗ ಕೆಲವರು ಪದಕ್ಕೆ ಪದವನ್ನು ಹೊಡೆದುಹಾಕಿ, ಅ – ಬ ಎಂದೇ ಉತ್ತರಿಸುತ್ತಾರೆ. 5 ಮತ್ತು 3ನ್ನು ಇಟ್ಟು ಪರೀಕ್ಷಿಸೋಣ. 16ನ್ನು 2ರಿಂದ ಭಾಗಿಸಿದರೆ 8 ಬರುತ್ತದೆ, 2 ಅಲ್ಲ. ಆದುದರಿಂದ ಉತ್ತರ ಅ + ಬ. ಹೊಡೆದುಹಾಕಬಹುದಾದುದು ಪದವನ್ನಲ್ಲ, ಸಮಾನ ಅಪವರ್ತನವನ್ನು. ಅದೂ ಅದು ಸೊನ್ನೆಯಲ್ಲದಿದ್ದಾಗ ಮಾತ್ರ.

ಬೀಜೋಕ್ತಿಯ ರೂಪವನ್ನು ಬದಲಿಸುವ ಸ್ವಾತಂತ್ರ್ಯ ವಿದ್ಯಾರ್ಥಿಗುಂಟು. ಬೆಲೆಯನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ.