ಸಿಹಿ ಈರುಳ್ಳಿಗೆ ಹಿತ್ತಿಲಲ್ಲೊಂದು ಮಡಿ

ಸಿಹಿ ಈರುಳ್ಳಿ ಎಂದರೆ ಸಕ್ಕರೆ ಹೆಚ್ಚಿರುವ ಈರುಳ್ಳಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಕಣ್ಣೀರು ತರಿಸುವ ಈರುಳ್ಳಿಯಲ್ಲೂ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ಘಾಟು ತಗ್ಗಿದಾಗ ಆ ಸಿಹಿ ನಾಲಿಗೆಗೆ ಸಿಗುತ್ತದೆ. ಘಾಟಿನ ಮೂಲ ಗಂಧಕ. ಗಿಡ ಮಣ್ಣಿನಿಂದ ಹೀರಿದ ಗಂಧಕದ ಸಂಯುಕ್ತಗಳು ಗಡ್ಡೆಯ ಜೀವಕೋಶದಲ್ಲಿ ಒಂದು ಕಡೆ ಇರುತ್ತವೆ, ಅವನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಚಾಕು ಬಿದ್ದೊಡನೆ ಎರಡೂ ಕೂಡುತ್ತವೆ, ಕಣ್ಣು ಉರಿಯುತ್ತದೆ.

ನನ್ನ ತವರು ಕುಮಟಾ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಕಡೆ ಭತ್ತ ಕೊಯ್ದಾದ ಮೇಲೆ ಮರಳು ಬೆರೆತ ಗದ್ದೆಗಳಲ್ಲಿ ಈರುಳ್ಳಿ ನೆಡುತ್ತಾರೆ. ಬೇಸಿಗೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಎಲೆ ಸಮೇತ ಹೆಣೆದ ಗೊಂಚಲುಗಳು ಸಾಲಾಗಿ ತೂಗುತ್ತಿರುತ್ತವೆ. ಅಲ್ಲಿಯ ಬೀಜ ತಂದು ಶಿವಮೊಗ್ಗದ ನಮ್ಮ ಹಿತ್ತಿಲಲ್ಲಿ ಬೆಳೆಯುತ್ತ ಬಂದಿದ್ದೇನೆ.

ಒಂದು ವರ್ಷ ಒಂದೇ ಬೀಜದ ಸಸಿಗಳನ್ನು ಎರಡು ಮಡಿಗಳಿಗೆ ಹಂಚಿದೆ. ಒಂದು ಮಡಿಗೆ ಹೊಳೆಮರಳು, ಹಳೆಯ ಕೊಟ್ಟಿಗೆ ಗೊಬ್ಬರ. ಇನ್ನೊಂದು ಶೇಂಗಾಕ್ಕೆ ಜಿಪ್ಸಂ ಹಾಕಿದ್ದ ಕೆಮ್ಮಣ್ಣು. ಕಿತ್ತ ಮೇಲೆ ಎರಡರಿಂದಲೂ ಒಂದೊಂದು ಗಡ್ಡೆಯನ್ನು ಮಣೆಯ ಮೇಲಿಟ್ಟು ಹೆಚ್ಚಿದೆ. ಕೆಮ್ಮಣ್ಣಿನದು ಗಟ್ಟಿ, ಪದರಗಳು ತೆಳು, ಎರಡನೇ ಹೋಳಿಗೇ ಮೂಗು ಕಟ್ಟಿತು. ಮರಳು ಮಡಿಯದು ದಪ್ಪ ಪದರ, ಚಾಕುವಿನ ಹಿಂದೆಯೇ ರಸ ಒಸರಿತು. ಹಸಿಯಾಗಿ ಅಗಿದರೂ ನಾಲಿಗೆ ಚುರ್ರೆನ್ನಲಿಲ್ಲ. ತಳಿಯಷ್ಟೇ ಮಣ್ಣೂ ಮುಖ್ಯ ಎಂಬುದು ಅಂದು ನನಗೆ ಖಚಿತವಾಯಿತು.

ಗೊಬ್ಬರದಂಗಡಿಯಲ್ಲಿ ಈರುಳ್ಳಿ ಎಂದೊಡನೆ ಗಂಧಕವಿರುವ ಗೊಬ್ಬರ ಕೊಡುತ್ತಾರೆ. ಇಳುವರಿ ನೋಡಿ ಮಾರುವ, ತಿಂಗಳುಗಟ್ಟಲೆ ದಾಸ್ತಾನಿಡುವ ರೈತರಿಗೆ ಆ ಸಲಹೆ ಸರಿ. ಸಿಹಿ ಬೇಕಾದ ಹಿತ್ತಿಲಿಗೆ ಅದು ಒಗ್ಗದು. ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು ಶೇ. 24, ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಶೇ. 11ರಷ್ಟು ಗಂಧಕ ಇರುತ್ತದೆ. ಗಿಡಕ್ಕೆ ಗಂಧಕ ಸ್ವಲ್ಪ ಬೇಕೇ ಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಷ್ಟನ್ನು ಕೊಡುತ್ತದೆ. ಅಮೆರಿಕದ ಜಾರ್ಜಿಯಾದ ವಿಡೇಲಿಯಾ ಈರುಳ್ಳಿ ಹೆಸರು ಮಾಡಿದ್ದೂ ಗಂಧಕ ಕಡಿಮೆಯಿರುವ ಮರಳು ಮಣ್ಣಿನಿಂದ. ಆ ಹೆಸರು ಕಾಯಲು ಅಲ್ಲಿ 1986ರಲ್ಲಿ ಕಾನೂನನ್ನೇ ಮಾಡಿದರು. ನಮ್ಮ ಕುಮಟಾ ಈರುಳ್ಳಿಗೂ ಅಂಥ ಕಾಳಜಿ ಸಲ್ಲಬೇಕು.

ಮಣ್ಣಿನ ನಂತರ ನೀರು. ಮಡಿ ಒಣಗಿ ಬಿರಿದರೆ ಗಡ್ಡೆ ಖಾರವಾಗುತ್ತದೆ. ಈರುಳ್ಳಿಯ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲಿನ ಒಂದು ಗೇಣು ಮಣ್ಣಿನಲ್ಲೇ ಅದರ ಬದುಕು. ಹಾಗಾಗಿ ಒಮ್ಮೆಲೇ ಕೊಡ ಸುರಿಯುವ ಬದಲು ಸ್ವಲ್ಪ ಸ್ವಲ್ಪ ಕೊಡುತ್ತ ತೇವ ಕಾಯುವುದು ಮೇಲು. ನಾನು ಸಾಲುಗಳ ನಡುವೆ ಒಣಹುಲ್ಲು ಹರಡುತ್ತೇನೆ, ಕಳೆಯೂ ಹಿಡಿತದಲ್ಲಿರುತ್ತದೆ.

ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರಿಗೋ ಬೀಜ ಬಿತ್ತಿ, ಆರರಿಂದ ಎಂಟು ವಾರದ ಸಸಿಯನ್ನು ನಾಲ್ಕು ಇಂಚು ಅಂತರದಲ್ಲಿ ಮೇಲುಮೇಲಕ್ಕೆ ನೆಡಬೇಕು. ಗಡ್ಡೆ ಊದುತ್ತ ಅರ್ಧ ಹೊರಗೆ ಕಾಣಿಸಿದಾಗ ಮಣ್ಣು ಏರಿಸುವ ಆಸೆ ಆಗುತ್ತದೆ, ಏರಿಸಬಾರದು. ಎಲೆಯ ಮೇಲೆ ಬೆಳ್ಳಿಗೆರೆ ಕಂಡರೆ ಥ್ರಿಪ್ಸ್ ನುಸಿ, ಬೇವಿನೆಣ್ಣೆ ಸಾಕು.

ಕೀಳುವ ಹೊತ್ತನ್ನು ಕಲಿಸಿದವರು ಅಳ್ವೆಕೋಡಿಯ ಹಿರಿಯ ಬೆಳೆಗಾರ್ತಿಯೊಬ್ಬರು. “ತಂಗಿ, ಅರ್ಧ ಗಿಡ ಕುತ್ತಿಗೆ ಮುರಿದು ಮಲಗಿದ ಮೇಲೆ ಒಂದು ಹನಿ ನೀರೂ ಬೇಡ” ಎಂದಿದ್ದರು. ಮಲಗಿದ ಗಿಡಕ್ಕೆ ನೀರುಣಿಸಿದರೆ ಕುತ್ತಿಗೆ ಒಣಗದೆ ಅಲ್ಲಿಂದಲೇ ಕೊಳೆ ಹಿಡಿಯುತ್ತದೆ. ಕಿತ್ತದ್ದನ್ನು ಎಲೆ ಕತ್ತರಿಸದೆ ನೆರಳಲ್ಲಿ ಒಣಗಿಸಿ, ಹೆಣೆದು, ಗಾಳಿಯಾಡುವ ಜಗಲಿಯಲ್ಲಿ ತೂಗು ಹಾಕುತ್ತೇವೆ. ಆದರೂ ನೀರಿನಂಶ ಹೆಚ್ಚಿರುವುದರಿಂದ ಬಹುಕಾಲ ನಿಲ್ಲದು. ಒಗ್ಗರಣೆಗೆ ಪೇಟೆಯ ಈರುಳ್ಳಿಯೇ ಇರಲಿ. ಇದನ್ನು ಹಸಿಯಾಗಿ, ಕೋಸಂಬರಿಗೋ ಮೊಸರುಬಜ್ಜಿಗೋ ಹಾಕಿಯೇ ತಿನ್ನಬೇಕು.

ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ, ವರ್ಷ ದಾಟಿದರೆ ಮೊಳಕೆ ಕುಗ್ಗುತ್ತದೆ. ಬೆಳೆದವರು ವರ್ಷವರ್ಷವೂ ಬೀಜ ಮಾಡಿಕೊಂಡರಷ್ಟೇ ತಳಿ ಉಳಿಯುತ್ತದೆ. ಕುಮಟಾ ಹಾದಿಯಲ್ಲಿ ಹೋಗುವವರು ಗೊಂಚಲು ಕೊಳ್ಳುವಾಗ, ಬೆಳೆದವರ ಬಳಿ ಒಂದು ಚಿಟಿಕೆ ಬೀಜವನ್ನೂ ಕೇಳಿ ತನ್ನಿ.